ಹಸಿರು ನೀರು

ಅಪ್ಪನ ಮಹೀಂದ್ರಾ ಜೀಪಿಗೆ ನನಗಿಂತ ಒಂದೆರಡು ವರ್ಷ ವಯಸ್ಸು ಹೆಚ್ಚು. ಮೂಡಿಗೆರೆ ಕಡೆಯ ನಮ್ಮ ತೋಟದ ಏರಿನಲ್ಲಿ, ಮಳೆಗಾಲದ ಕೆಸರಲ್ಲಿ ನಾಲ್ಕೂ ಚಕ್ರ ಎಳೆಯಬೇಕಾದಾಗ ಅದರ ಎಂಜಿನ್ ಬೇಗ ಕಾಯುತ್ತದೆ. ಬರೀ ನೀರು ಹಾಕುತ್ತಾ ಹೋದರೆ ರೇಡಿಯೇಟರ್ ಒಳಗೆ ತುಕ್ಕು ಹಿಡಿಯುತ್ತದೆ. ಹಾಗಾಗಿ ಎರಡು ವರ್ಷಕ್ಕೊಮ್ಮೆ ಹಳೆಯ ಕೂಲೆಂಟ್ ಇಳಿಸಿ, ಹೊಸದಕ್ಕೆ ಅಷ್ಟೇ ಡಿಸ್ಟಿಲ್ಡ್ ವಾಟರ್ ಬೆರೆಸಿ ತುಂಬಬೇಕು. ರಜೆಗೆ ಊರಿಗೆ ಹೋದಾಗ ಅದು ನನ್ನ ಕೆಲಸ.

ಹಿಂದಿನ ಸಲ ಎಂಜಿನ್ ತಣ್ಣಗಾದ ಮೇಲೆ ರೇಡಿಯೇಟರ್ ಕೆಳಗಿನ ನಲ್ಲಿ ತಿರುಗಿಸಿ ಹಸಿರು ನೀರನ್ನು ಅಂಗಳದ ಅಂಚಿಗೆ ಹರಿಯಬಿಟ್ಟಿದ್ದೆ. ಅದೇ ಸಂಜೆ ನಮ್ಮ ನಾಯಿ ಕರಿಯ ಕುಡಿದವರ ಹಾಗೆ ತೂರಾಡಿತು, ವಾಂತಿ ಮಾಡಿತು. ಮಾರನೇ ದಿನ ಸುಧಾರಿಸಿದಂತೆ ಕಂಡಿತು. ಮೂರನೇ ದಿನ ಸತ್ತಿತು. ಹಾವು ಕಚ್ಚಿದ್ದು ಎಂದರು ಅಪ್ಪ. ಬೇಲಿಯ ಲಂಟಾನವನ್ನೆಲ್ಲ ಕಡಿಸಿದರು.

ಈ ಸಲ ನಾನು ನಲ್ಲಿಗೆ ಕೈ ಹಾಕುವಾಗ ಬ್ರೇಕ್ ನೋಡಲು ಬಂದಿದ್ದ ಮೆಕ್ಯಾನಿಕ್ ಕೂಗಿದರು: "ಕೆಳಗೊಂದು ಬಕೆಟ್ ಇಡಿ ಮಾರಾಯ್ರೆ! ಸಿಹಿ ಇರ್ತದೆ ಅದು. ನಾಯಿ ನೆಕ್ಕಿದ್ರೆ ಉಳಿಯೋದಿಲ್ಲ."

ಎಥಿಲೀನ್ ಗ್ಲೈಕಾಲ್. ಮೊದಲು ಅಮಲು, ಆಮೇಲೆ ಮೂತ್ರಪಿಂಡಕ್ಕೆ ಪೆಟ್ಟು. ಡಬ್ಬಿಯ ಮೇಲೆ ಎಚ್ಚರಿಕೆ ಇದ್ದೇ ಇತ್ತು, ಸಣ್ಣ ಅಕ್ಷರದಲ್ಲಿ. ಒಂದು ಅಡಿಟಿಪ್ಪಣಿಯ ಬೆನ್ನು ಹತ್ತಿ ತಿಂಗಳುಗಟ್ಟಲೆ ಅಲೆದವನು ನಾನು, ಡಬ್ಬಿ ಓದಿರಲಿಲ್ಲ.

ಗೊತ್ತಿಲ್ಲದೆ ಮಾಡಿದ್ದು ತಪ್ಪೇ? 'ನಿಕೋಮೇಕಿಯನ್ ಎಥಿಕ್ಸ್'ನ ಮೂರನೇ ಪುಸ್ತಕದಲ್ಲಿ ಅರಿಸ್ಟಾಟಲ್ ಇದನ್ನು ಚರ್ಚಿಸುತ್ತಾನೆ. ತಿಳಿದುಕೊಳ್ಳುವುದು ತನ್ನ ಕೈಯಲ್ಲೇ ಇದ್ದೂ ತಿಳಿದುಕೊಳ್ಳದವನು ತನ್ನ ಅಜ್ಞಾನಕ್ಕೆ ತಾನೇ ಹೊಣೆ. ಕುಡಿದು ತಪ್ಪು ಮಾಡಿದವನಿಗೆ ಇಮ್ಮಡಿ ದಂಡ ಎಂಬ ಉದಾಹರಣೆಯೂ ಅಲ್ಲಿದೆ. ಬಿ.ಎ. ವಿದ್ಯಾರ್ಥಿಗಳಿಗೆ ಇದನ್ನು ನಾನೇ ಪಾಠ ಮಾಡಿದ್ದೇನೆ, ಸಾಕಷ್ಟು ಗತ್ತಿನಿಂದಲೇ. ಎಲ್ಲ ಡಬ್ಬಿಗಳನ್ನೂ ಓದುತ್ತಾ ಬದುಕಲಾದೀತೇ ಎಂದು ಆಗ ಒಬ್ಬ ಹುಡುಗಿ ಕೇಳಿದ್ದರೆ ಒಳ್ಳೆಯ ಪ್ರಶ್ನೆ ಎನ್ನುತ್ತಿದ್ದೆ. ಈಗ ಅದೇ ಪ್ರಶ್ನೆ ನನ್ನ ಬಾಯಲ್ಲಿ ನೆಪದ ಹಾಗೆ ಕೇಳುತ್ತದೆ. ನಿಜಕ್ಕೂ ಹಾವೇ ಕಚ್ಚಿರಬಹುದು. ಆದರೆ ಆ 'ಇರಬಹುದು' ನನಗೆ ತೀರಾ ಅನುಕೂಲವಾಗಿದೆ ಎಂಬುದೇ ಅದರ ಮೇಲೆ ಅನುಮಾನ ಹುಟ್ಟಿಸುತ್ತದೆ.

ನಿಮ್ಮ ಗ್ಯಾರೇಜಿನಲ್ಲಿ ಇಳಿಸಿದ್ದನ್ನು ಏನು ಮಾಡುತ್ತೀರಿ ಎಂದು ಮೆಕ್ಯಾನಿಕ್‌ರನ್ನು ಕೇಳಿದೆ. ನಕ್ಕರು. "ಚರಂಡಿಗೆ."

ನಮ್ಮದು ಮುಚ್ಚಳ ಬಿಗಿದ ಕ್ಯಾನಿನಲ್ಲಿ, ಶೆಡ್ಡಿನ ಅಟ್ಟದ ಮೇಲಿದೆ. ಅದನ್ಯಾಕೆ ಇಟ್ಟುಕೊಂಡಿದ್ದೀಯ ಎಂದು ಅಪ್ಪ ಎರಡು ಸಲ ಕೇಳಿದರು. ಚೆಲ್ಲಬೇಡಿ ಎಂದಷ್ಟೇ ಹೇಳಿದ್ದೇನೆ.