ಕಲಿತ ನಗೆ ಸುಳ್ಳು ನಗೆಯೇ?

“ಅಷ್ಟು ಖರ್ಚು ಮಾಡಿ ಓದಿಸಿದ್ದು ಕಂಡಕಂಡವರೆದುರು ಹಲ್ಲು ಕಿರಿಯಲಿಕ್ಕೇನ್ರೀ?” ನಮ್ಮ ಮಹಡಿ ಮನೆಯ ರಾಯರು ಹೀಗೆ ಕೇಳಿದಾಗ ಅದು ನೀತಿಶಾಸ್ತ್ರದ ಹಳೆಯ ಪ್ರಶ್ನೆಗಳಲ್ಲೊಂದು ಎಂಬ ಯೋಚನೆ ಅವರಿಗಿರಲಿಲ್ಲ. ಬಿ.ಕಾಂ. ಮುಗಿಸಿದ ಅವರ ಮಗಳು ಇಲ್ಲೇ ಚೆನ್ನೈಯ ಒಂದು ಸೂಪರ್‌ಮಾರ್ಕೆಟ್ಟಿನಲ್ಲಿ ಗ್ರಾಹಕ ಸೇವೆಯ ಅಪ್ರೆಂಟಿಸ್ ಆಗಿ ಸೇರಿದ್ದಾಳೆ. ಅಂಗಡಿಯ ಕೆಲಸ ಕೀಳೆಂದು ರಾಯರು ಎಣಿಸಿದವರಲ್ಲ. ಅವರ ತಂದೆಯವರೇ ಉಡುಪಿ ಕಡೆಯಿಂದ ಈ ಊರಿಗೆ ಬಂದು ಹೋಟೆಲಿನಲ್ಲಿ ದುಡಿದು ಮನೆ ಕಟ್ಟಿದವರು. ಅವರನ್ನು ಚುಚ್ಚುವುದು ಆ ನಗೆ. ಮನಸ್ಸಿನಲ್ಲಿಲ್ಲದ್ದನ್ನು ಮುಖಕ್ಕೆ ತರುವಂತೆ ದುಡ್ಡು ಕೊಟ್ಟು ಕಲಿಸಿದರೆ ಸುಳ್ಳು ಕಲಿಸಿದಂತಲ್ಲವೆ ಎಂಬುದು ಅವರ ವಾದ.

1961ರಲ್ಲಿ ಅಪ್ರೆಂಟಿಸ್ ಕಾಯಿದೆ ಬಂದಾಗ ಎಲ್ಲರ ಕಣ್ಣ ಮುಂದಿದ್ದದ್ದು ಕಾರ್ಖಾನೆ: ಲೇತು, ಫಿಟ್ಟರು, ವೆಲ್ಡರು. 2014ರ ತಿದ್ದುಪಡಿಯ ನಂತರ ಬೇರೆ ಕಸುಬುಗಳಿಗೂ ಬಾಗಿಲು ಅಗಲವಾಯಿತು. 2016ರ ಕೇಂದ್ರ ಯೋಜನೆಯಲ್ಲಿ ಕಲಿಯುವವರ ಭತ್ಯೆಯ ಒಂದು ಪಾಲನ್ನು ಸರ್ಕಾರವೇ ಕೊಡತೊಡಗಿತು. 2019ರ ನಿಯಮದಂತೆ ಕನಿಷ್ಠ ಭತ್ಯೆ, ಓದಿಗೆ ತಕ್ಕಂತೆ, ತಿಂಗಳಿಗೆ 5,000ದಿಂದ 9,000 ರೂಪಾಯಿ ಎಂದು ಗೊತ್ತಾಗಿತ್ತು. ಕಾಯಿದೆಯ ಕಣ್ಣಿನಲ್ಲಿ ಅಪ್ರೆಂಟಿಸ್ ಕೆಲಸಗಾರನಲ್ಲ, ಕಲಿಯುವವನು. ಆದರೆ ಬಿಲ್ಲಿಂಗ್ ಕೌಂಟರಿನ ಎದುರು ಸಾಲಿನಲ್ಲಿ ನಿಂತು ಸಿಡುಕುವ ನಮಗೆ ಈ ಭೇದ ಎಲ್ಲಿ ತಿಳಿಯಬೇಕು?

ಆ ಹುಡುಗಿ ಕಲಿಯುತ್ತಿರುವುದೇನೆಂದು ನಾನೇ ಕೇಳಿದೆ. ಹಳೆಯ ಸರಕನ್ನು ಮುಂದಕ್ಕೂ ಹೊಸದನ್ನು ಹಿಂದಕ್ಕೂ ಜೋಡಿಸುವುದು, ಪೊಟ್ಟಣದ ಮೇಲಿನ ತಾರೀಖು ನೋಡುವುದು, ಕಪಾಟಿನ ಚೀಟಿಯ ಬೆಲೆಗೂ ಬಿಲ್ಲಿನ ಬೆಲೆಗೂ ತಾಳೆಯಿದೆಯೇ ಎಂದು ಪರೀಕ್ಷಿಸುವುದು. ಯಾರಾದರೂ ಹುಣಿಸೆಹಣ್ಣು ಎಲ್ಲಿದೆ ಎಂದರೆ ಕೈ ತೋರಿಸದೆ ಜೊತೆಗೆ ನಡೆದು ಹೋಗುವುದು. ದೂರು ಹೇಳುವವರ ಮಾತು ಮುಗಿಯುವವರೆಗೆ ಬಾಯಿ ತೆರೆಯದಿರುವುದು. ನಗೆ ಇವೆಲ್ಲದರ ನಡುವೆ ಒಂದು ಬಾಬ್ತು, ಅಷ್ಟೆ. ನಮ್ಮಂಥ ಸರ್ಕಾರಿ ಗುಮಾಸ್ತರಿಗೆ ಕಚೇರಿಯಲ್ಲಿ ನಿಯಮಾವಳಿ ಕಲಿಸಿದರೇ ಹೊರತು ನಗುವುದನ್ನು ಯಾರೂ ಕಲಿಸಲಿಲ್ಲ. ಅದರಿಂದ ಕೌಂಟರುಗಳಲ್ಲಿ ಸತ್ಯಸಂಧತೆ ಹೆಚ್ಚಿತೆಂದು ಎದೆ ತಟ್ಟಿ ಹೇಳುವವರನ್ನು ನಾನು ಕಂಡಿಲ್ಲ.

ಒಳಗಿನಿಂದ ತಾನಾಗಿ ಹುಟ್ಟಿದ್ದೇ ನಿಜ, ಕಲಿತದ್ದೆಲ್ಲ ವೇಷ ಎಂಬ ಎಣಿಕೆಯಲ್ಲೇ ತೊಡಕಿದೆ. ಮನೆಗೆ ಹಿರಿಯರು ಬಂದಾಗ ಮಗುವಿನ ತಲೆ ಬಗ್ಗಿಸಿ ನಮಸ್ಕಾರ ಮಾಡಿಸುತ್ತೇವೆ. ಆಗ ಮಗುವಿನಲ್ಲಿ ಭಕ್ತಿ ಎಲ್ಲಿರುತ್ತದೆ? ಮೊದಲು ಬೆನ್ನು ಬಾಗುತ್ತದೆ, ಮನಸ್ಸು ಆಮೇಲೆ ಬರುತ್ತದೆ. ಸದ್ಗುಣ ಅಭ್ಯಾಸದಿಂದ ಬರುತ್ತದೆ, ನ್ಯಾಯದ ಕೆಲಸ ಮಾಡುತ್ತ ಮಾಡುತ್ತಲೇ ಮನುಷ್ಯ ನ್ಯಾಯವಂತನಾಗುತ್ತಾನೆ ಎಂದು ಅರಿಸ್ಟಾಟಲ್ ಹೇಳಿದ್ದು ಇದನ್ನೇ. ಅಷ್ಟು ದೂರ ಹೋಗುವುದೂ ಬೇಡ. ಊರು ಬಿಟ್ಟು ಬಂದ ನಾವೆಲ್ಲ “ವಣಕ್ಕಂ”, “ವಾಂಗೋ” ಎಂಬ ಮಾತುಗಳನ್ನು ಮೊದಲು ಬಾಯಿಪಾಠವಾಗಿ ಕಲಿತೆವು. ಹಾಲಿನವನ ಹತ್ತಿರ ಕೆಲಸವಾಗಲೆಂದು ಕಲಿತ ಮಾತು ಅದು. ಇಪ್ಪತ್ತು ವರ್ಷದ ಮೇಲೆ ಅದೇ ಹಾಲಿನವನು ಬಾಗಿಲಲ್ಲಿ ನಿಂತಾಗ “ವಾಂಗೋ” ಎನ್ನುವುದು ಸುಳ್ಳೆಂದು ರಾಯರು ಹೇಳಲಾರರು.

ಆದರೆ ರಾಯರ ಸಂಶಯ ಪೂರ್ತಿ ಹುರುಳಿಲ್ಲದ್ದಲ್ಲ. ಜರ್ಮನಿಯ ಕಾಂಟ್ 1785ರ ತನ್ನ ನೀತಿಗ್ರಂಥದಲ್ಲಿ ಒಬ್ಬ ಅಂಗಡಿಯವನನ್ನೇ ಉದಾಹರಣೆಗೆ ತೆಗೆದುಕೊಂಡಿದ್ದಾನೆ. ಆ ವ್ಯಾಪಾರಿ ಏನೂ ತಿಳಿಯದ ಗಿರಾಕಿಗೂ ಹೆಚ್ಚು ಬೆಲೆ ಹಾಕುವುದಿಲ್ಲ; ಮಗು ಬಂದರೂ ಎಲ್ಲರಿಗಿರುವ ಬೆಲೆಯೇ. ನಡತೆಯೇನೋ ಪ್ರಾಮಾಣಿಕ. ಆದರೆ ಅವನು ಹಾಗೆ ಮಾಡುವುದು ಕರ್ತವ್ಯವೆಂದೋ, ವ್ಯಾಪಾರಕ್ಕೆ ಲಾಭವೆಂದೋ? ಲಾಭಕ್ಕಾದರೆ ಅದಕ್ಕೆ ನೈತಿಕ ಬೆಲೆಯಿಲ್ಲ ಎಂಬುದು ಕಾಂಟನ ತೀರ್ಪು. ಚಿಲ್ಲರೆ ಸರಿಯಾಗಿ ತಂದ ಮಗುವಿನ ತಾಯಿ ಈ ತೀರ್ಪಿಗೆ ತಲೆ ಕೆಡಿಸಿಕೊಳ್ಳುವುದಿಲ್ಲ, ನಿಜ. ಆದರೂ ಪ್ರಶ್ನೆ ಉಳಿಯುತ್ತದೆ: ಲಾಭವೂ ಮರ್ಯಾದೆಯೂ ಒಂದೇ ದಾರಿಯಲ್ಲಿ ನಡೆಯುವಾಗ ಯಾವುದು ಯಾವುದೆಂದು ತಿಳಿಯುವುದು ಹೇಗೆ?

ಬಿ.ಎಸ್ಸಿ. ಓದುವಾಗ ಪ್ರಯೋಗಾಲಯದಲ್ಲಿ ಆಮ್ಲಕ್ಕೆ ಫಿನಾಲ್ಫ್‌ಥಲೀನ್ ಹಾಕಿ ಬ್ಯುರೆಟ್ಟಿನಿಂದ ಕ್ಷಾರ ಬಿಡುತ್ತಿದ್ದೆವು. ಎಷ್ಟೋ ಹೊತ್ತು ದ್ರಾವಣ ನೀರಿನಂತೆಯೇ ಇರುತ್ತದೆ. ಆಮ್ಲ ತೀರಿದ ಮೇಲಿನ ಒಂದು ತೊಟ್ಟಿಗೆ ಥಟ್ಟನೆ ಗುಲಾಬಿ ಬಣ್ಣ ಬರುತ್ತದೆ. ಅಂಗಡಿಯ ಮರ್ಯಾದೆಯ ಬಣ್ಣವೂ ಲಾಭ ತೀರಿದ ಕ್ಷಣದಲ್ಲೇ ಕಾಣುವುದು. ಕೆಟ್ಟ ಸಾಮಾನು ಹಿಂದಕ್ಕೆ ತಂದವನನ್ನು ನೋಡಿ. ಕೊಳ್ಳುವಾಗ ಕಂಡ ನಗೆ ಅವನಿಗೆ ಈಗಲೂ ಸಿಗುತ್ತದೆಯೇ? “ಮಾರಿದ ಸರಕನ್ನು ವಾಪಸು ಪಡೆಯುವುದಿಲ್ಲ” ಎಂಬ ಬೋರ್ಡು ಇನ್ನೂ ಅಲ್ಲಲ್ಲಿ ತೂಗುತ್ತದೆ. ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಹಾಗೆ ಹೇಳಿರದಿದ್ದರೆ 30 ದಿನದೊಳಗೆ, ಹಿಂದಕ್ಕೆ ಪಡೆಯಲೊಪ್ಪದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಅನುಚಿತ ವ್ಯಾಪಾರ. ಆ ಬೋರ್ಡಿನ ಕೆಳಗೆ ನಿಂತು ನಗುವಂತೆ ಹೇಳಿದರೆ ಅಲ್ಲಿ ನಗೆ ಸುಳ್ಳಾಗುತ್ತದೆ. ಅವಧಿ ಮುಗಿಯಲು ಎರಡು ದಿನವಿರುವ ಬಿಸ್ಕತ್ತನ್ನು ತಾರೀಖು ಮುಚ್ಚಿ ನಯವಾಗಿ ಕೊಡಿಸುವುದೂ ಹಾಗೆಯೇ. ಕಲಿಸಿದ ಕಾರಣಕ್ಕೆ ಸುಳ್ಳಾದದ್ದಲ್ಲ ಅದು. ಏನನ್ನೋ ಮರೆಮಾಡಲು ಬಳಸಿದ ಕಾರಣಕ್ಕೆ. “ನಾಡಿದ್ದಿಗೆ ಮುಗಿಯುತ್ತದೆ ಅಮ್ಮಾ, ಇವತ್ತೇ ತಿನ್ನುವುದಾದರೆ ತಗೊಳ್ಳಿ” ಎಂದು ಹೇಳಲು ಈ ಹುಡುಗಿಗೆ ಮೇಲಿನವರು ಬಿಡುತ್ತಾರೆಯೇ ಎಂದು ರಾಯರು ವಿಚಾರಿಸಲಿ. ಬಿಡದಿದ್ದರೆ ಮಗಳನ್ನು ಬಿಡಿಸಿ ತರಲು ಅದು ಸಾಕಷ್ಟು ಕಾರಣ.

ಇನ್ನೊಂದು ಮಾತು ಆ ಹುಡುಗಿಯ ತಾಯಿ ಹೇಳಿದ್ದು. ಸಂಜೆ ಮನೆಗೆ ಬಂದರೆ ಅರ್ಧ ಗಂಟೆ ಯಾರೊಡನೆಯೂ ಮಾತಿಲ್ಲವಂತೆ, ಕಾಲನ್ನು ಬಿಸಿನೀರಿನಲ್ಲಿಟ್ಟು ಸುಮ್ಮನೆ ಕೂರುತ್ತಾಳಂತೆ. ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲೀ ಹಾಕ್‌ಶೀಲ್ಡ್ ವಿಮಾನದ ಪರಿಚಾರಿಕೆಯರನ್ನು ಗಮನಿಸಿ 1983ರಲ್ಲಿ ಒಂದು ಪುಸ್ತಕ ಬರೆದರು. ಭಾವನೆಯನ್ನು ಹತೋಟಿಯಲ್ಲಿಟ್ಟು ಮುಖ ಅರಳಿಸುವುದೂ ದುಡಿಮೆಯೇ, ದಿನವೆಲ್ಲ ಅದನ್ನೇ ಮಾಡುವವರಿಗೆ ತಮ್ಮ ನಿಜವಾದ ಭಾವನೆಯೇ ಅಪರಿಚಿತವಾಗಬಹುದು ಎಂಬುದು ಅವರ ಮಾತು. ಮೂಟೆ ಹೊತ್ತವನ ಬೆನ್ನು ನೋಯುತ್ತದೆಂದು ನಾವು ಒಪ್ಪುತ್ತೇವೆ. ಈ ನೋವನ್ನು ಒಪ್ಪಲು ಹೊತ್ತು ಹಿಡಿಯುತ್ತದೆ. ಅಂಗಡಿಯಲ್ಲಿ ನಿಲ್ಲುವವರಿಗೆ ಕೂರಲು ಆಸನ ಇಡಬೇಕೆಂದು ಕೇರಳದಲ್ಲಿ 2018ರಲ್ಲಿ, ತಮಿಳುನಾಡಿನಲ್ಲಿ 2021ರಲ್ಲಿ ಕಾಯಿದೆಯನ್ನೇ ತಿದ್ದಬೇಕಾಯಿತು. ಒಂದು ಸ್ಟೂಲಿಗೆ ಶಾಸನಸಭೆ!

ನಗೆ ಅಂಗಡಿಯವರ ಪಾಲಿನದೆಂದು ಬಿಟ್ಟುಬಿಟ್ಟವರು ಗಿರಾಕಿಗಳಾದ ನಾವು. ಊರಿನಲ್ಲಿ ಶೆಟ್ಟರ ಅಂಗಡಿಯಿಂದ ಹೊರಡುವಾಗ “ಬರ್ತೇನೆ ಶೆಟ್ರೇ” ಎನ್ನದೆ ಮೆಟ್ಟಿಲಿಳಿಯುತ್ತಿರಲಿಲ್ಲ. ಇಲ್ಲಿ ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಮೊಬೈಲು. ಬಿಲ್ಲು ಕೊಟ್ಟ ಹುಡುಗಿಯ ಮುಖ ನೋಡದೆಯೇ ಬಾಗಿಲು ದಾಟುತ್ತೇವೆ. ಅವಳ ಹೆಸರು ಅವಳ ಎದೆಯ ಪಟ್ಟಿಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದೇ ಇರುತ್ತದೆ.