ಒಂದು ಅನಾನಸ್ ಹಣ್ಣಿನ ನಿವೇದನೆ

ತಾಯಿ, ಹುಸ್ಕೂರಿನ ಮದ್ದೂರಮ್ಮ. ನಿನ್ನ ಜಾತ್ರೆಗೆ ಸುತ್ತಲ ಊರುಗಳಿಂದ ಮುಗಿಲೆತ್ತರದ ತೇರುಗಳು ಬರುತ್ತವೆ. ಎತ್ತು ಹೂಡಿ, ಹಗ್ಗ ಹಿಡಿದು, ಹೊಲ ಬದು ದಾಟಿಸಿ ಎಳೆದು ತರುತ್ತಾರೆ. ಅಷ್ಟು ದೊಡ್ಡದು ನನ್ನಿಂದ ಆಗದು. ನನ್ನ ಬಳಿ ಇರುವುದು ಒಂದು ಅನಾನಸ್ ಹಣ್ಣು, ಒಂದು ಒಲೆ, ಶಿಫ್ಟ್ ಮುಗಿದ ಮೇಲೆ ಉಳಿದ ಒಂದಿಷ್ಟು ಹೊತ್ತು. ಇಷ್ಟನ್ನೇ ನಿನ್ನ ಮುಂದಿಡುತ್ತೇನೆ. ಒಪ್ಪಿಸಿಕೋ.

ಈ ಹಣ್ಣು ನಿನ್ನ ನೆರೆಯಿಂದಲೇ ಬಂದದ್ದು. ಸಿಂಗೇನ ಅಗ್ರಹಾರದ ಹಣ್ಣಿನ ಮಾರುಕಟ್ಟೆಗೆ ಲಾರಿಗಳು ಬಂದು ನಿಲ್ಲುವುದನ್ನು ನೀನು ದಿನವೂ ನೋಡುತ್ತೀ. ಬನವಾಸಿಯ ಹೊಲಗಳಲ್ಲಿ, ಕೇರಳದ ವಾಳಕುಳಂನ ತೋಟಗಳಲ್ಲಿ ಯಾರೋ ಬಗ್ಗಿ ಕಂದು ನೆಡುತ್ತಾರೆ. ಮುಳ್ಳಂಚಿನ ಎಲೆಗಳ ನಡುವೆ ಕೈಹಾಕಿ ಕಳೆ ಕೀಳುತ್ತಾರೆ. ಹಣ್ಣು ಕೈಗೆ ಸಿಗಲು ಹೆಚ್ಚುಕಡಿಮೆ ಒಂದೂವರೆ ವರ್ಷ ಕಾಯಬೇಕು. ಅಷ್ಟು ಕಾಯುವವರ ಮುಖವನ್ನು ನಾನು ಕಂಡಿಲ್ಲ. ಅವರ ಬೆನ್ನುನೋವು ಕಡಿಮೆ ಮಾಡು ತಾಯಿ. ಹಣ್ಣು ರಾಶಿ ಬಿದ್ದ ದಿನವೂ ಅವರಿಗೆ ಬೆಲೆ ಸಿಗಲಿ.

ನಮ್ಮ ದೊಡ್ಡತೋಗೂರಿನ ಗಲ್ಲಿಗೆ ತಳ್ಳುಗಾಡಿ ತರುವ ಅಣ್ಣನನ್ನೂ ನೆನೆಯುತ್ತೇನೆ. "ಬಣ್ಣ ನೋಡ್ಬೇಡಿ ಅಕ್ಕ, ಬುಡ ಮೂಸಿ ನೋಡಿ" ಎಂದು ಕಲಿಸಿದವನು ಅವನೇ. ಕೊಯ್ದ ಮೇಲೆ ಅನಾನಸಿಗೆ ಸಿಹಿ ಹೆಚ್ಚುವುದಿಲ್ಲ. ಗಿಡದಲ್ಲಿದ್ದಾಗ ಎಷ್ಟು ತುಂಬಿಕೊಂಡಿತ್ತೋ ಅಷ್ಟೇ. ಬುಡದಲ್ಲಿ ಪರಿಮಳವಿದ್ದರೆ ಒಳಗೂ ಇರುತ್ತದೆ. ಹೇಳದೆ ಯಾವುದೋ ಒಂದನ್ನು ಚೀಲಕ್ಕೆ ಹಾಕಬಹುದಿತ್ತು. ಹೇಳಿದ. ಅವನಿಗೆ ಒಳ್ಳೆಯದು ಮಾಡು.

ನೀನು ಈ ನೆಲದ ಹಳಬಳು. 1978ರಲ್ಲಿ ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಅಡಿಪಾಯ ಹಾಕುವ ಮೊದಲೇ ಇಲ್ಲಿಯ ರಾಗಿ ಹೊಲಗಳನ್ನು ಕಂಡವಳು. ಆಮೇಲೆ ನಾವು ಬಂದೆವು. ರಾಯಚೂರಿನವರು, ಹಾಸನದವರು, ಒಡಿಶಾದವರು, ಅಸ್ಸಾಮಿನವರು. ನಮ್ಮೆಲ್ಲರ ಹೆಸರು ನಿನಗೆ ಗೊತ್ತಿರಲಿ ಎಂದು ಕೇಳುವುದು ಅತಿಯಾಸೆಯೇನೋ. ಆದರೂ ಕೇಳುತ್ತೇನೆ. ಬ್ಯಾಡ್ಜಿನ ನಂಬರಿನಿಂದಲ್ಲ, ಹೆಸರಿನಿಂದ ನಮ್ಮನ್ನು ಗುರುತಿಟ್ಟುಕೋ.

ಈಗ ಹಣ್ಣು ಹೆಚ್ಚುತ್ತೇನೆ, ನೋಡು. ಮೊದಲು ಜುಟ್ಟು, ಆಮೇಲೆ ಬುಡ. ನಿಲ್ಲಿಸಿಕೊಂಡು ಮೇಲಿಂದ ಕೆಳಗೆ ಸಿಪ್ಪೆ ತೆಳ್ಳಗೆ ಇಳಿಸುತ್ತೇನೆ. ಕಂದು ಕಣ್ಣುಗಳು ಉಳಿಯುತ್ತವೆ. ಅವು ಅಡ್ಡಾದಿಡ್ಡಿ ಇಲ್ಲ, ಓರೆಯಾಗಿ ಸಾಲುಗಟ್ಟಿ ಹಣ್ಣನ್ನು ಸುತ್ತಿಕೊಂಡಿವೆ. ಆ ಸಾಲು ಹಿಡಿದು ಚಾಕುವಿನಿಂದ ಓರೆಯಾಗಿ ಗೀರಿದರೆ ನಾಲ್ಕೈದು ಕಣ್ಣು ಒಟ್ಟಿಗೇ ಎದ್ದು ಬರುತ್ತವೆ, ಹಣ್ಣು ಹಾಳಾಗುವುದಿಲ್ಲ. ಒಂದೊಂದು ಕಣ್ಣೂ ಒಂದೊಂದು ಹೂವಿನ ಗುರುತು. ನೂರಾರು ಹೂವು ಕೂಡಿಕೊಂಡು ಒಂದು ಹಣ್ಣಾಗಿದೆ. ಈ ಲೆಕ್ಕ ಇಟ್ಟವಳು ನೀನೇ. ನಾನು ಬರೀ ನಿನ್ನ ಗೆರೆಯ ಮೇಲೆ ಚಾಕು ಆಡಿಸುತ್ತಿದ್ದೇನೆ.

ಅರ್ಧ ಹಣ್ಣು ಗೊಜ್ಜಿಗೆ. ತಾಯಿ, ನಿನಗೆ ಹೆಚ್ಚು ಹೇಳಬೇಕೆನಿಸುವುದು ಇದನ್ನೇ. ಅನಾನಸ್ ಗೊಜ್ಜು ನನ್ನ ಪಾಲಿಗೆ ಮದುವೆಯೂಟದ್ದು. ಬಾಳೆಲೆಯ ಮೇಲೆ ಒಂದೇ ಚಮಚ ಬೀಳುತ್ತಿತ್ತು. ಇನ್ನೊಮ್ಮೆ ಕೇಳಲು ನಾಚಿಕೆ. ಅದು ನಮ್ಮ ಅಡುಗೆಮನೆಯ ಸಾಮಾನಿನಲ್ಲೇ ಆಗುತ್ತದೆಂದು ಯಾರೂ ಹೇಳಿರಲಿಲ್ಲ. ಕಡಲೆಬೇಳೆ, ಉದ್ದಿನಬೇಳೆ, ಎಳ್ಳು ಒಂದೊಂದು ಚಮಚ. ಮೆಂತ್ಯ ಕಾಲು ಚಮಚ, ಅದಕ್ಕಿಂತ ಹೆಚ್ಚಿದರೆ ಕಹಿ. ನಾಲ್ಕೈದು ಬ್ಯಾಡಗಿ ಮೆಣಸಿನಕಾಯಿ, ಒಂದು ಹಿಡಿ ಕೊಬ್ಬರಿ. ಸಣ್ಣ ಉರಿಯಲ್ಲಿ ಹುರಿದು ಪುಡಿ ಮಾಡುತ್ತೇನೆ. ಹಣ್ಣಿನ ಹೋಳನ್ನು ಅರಿಸಿನ, ಉಪ್ಪು ಹಾಕಿ ಬೇಯಿಸಿ, ಹುಣಸೆರಸ, ಬೆಲ್ಲ, ಪುಡಿ ಸೇರಿಸಿ ಕುದಿಸುತ್ತೇನೆ. ಗೊಜ್ಜು ಗಟ್ಟಿಯಾಗಿ, ಮಧ್ಯದಲ್ಲಿ ತೊಪ್ ತೊಪ್ ಎಂದು ಗುಳ್ಳೆ ಒಡೆಯುವಾಗ ಸಾಸಿವೆ, ಕರಿಬೇವು, ಇಂಗಿನ ಒಗ್ಗರಣೆ. ಹುಳಿ, ಸಿಹಿ, ಖಾರ, ಉಪ್ಪು ಒಂದೇ ಪಾತ್ರೆಯಲ್ಲಿ, ಒಂದೂ ಇನ್ನೊಂದನ್ನು ಮುಚ್ಚದೆ.

ಇವತ್ತು ಮಂಗಳವಾರ. ಯಾರ ಮದುವೆಯೂ ಇಲ್ಲ. ಆದರೂ ಕೋಣೆ ತುಂಬ ಮದುವೆಮನೆಯ ವಾಸನೆ. ಹೀಗೆ ಕೊಟ್ಟಿದ್ದಕ್ಕೆ ನಿನಗೆ ಶರಣು. ಹಬ್ಬದ ರುಚಿಗೆ ಹಬ್ಬವನ್ನೇ ಕಾಯದಂತೆ ಮಾಡಿದೆ. ನಮ್ಮಂಥವರ ವರ್ಷದಲ್ಲಿ ಹಬ್ಬಕ್ಕೆ ರಜೆ ಸಿಗುವುದು ಕಡಿಮೆ ತಾಯಿ.

ನಮ್ಮಂತೆ ಈ ಹಣ್ಣಿನ ಮೂಲವೂ ದೂರದ್ದು. ದಕ್ಷಿಣ ಅಮೆರಿಕದಲ್ಲಿ ಹುಟ್ಟಿದ್ದು, 16ನೇ ಶತಮಾನದಲ್ಲಿ ಪೋರ್ಚುಗೀಸರ ಜೊತೆ ನಮ್ಮ ಕಡೆ ಬಂತು. ನಮ್ಮ ಮೆಂತ್ಯ, ಬೆಲ್ಲ, ಇಂಗು ಅದನ್ನು ಹೊರಗಿನದೆಂದು ದೂರ ಇಡಲಿಲ್ಲ. ಕರಾವಳಿಯವರು ಮೆಣಸ್ಕಾಯಿ ಮಾಡಿದರು, ಮಲೆನಾಡಿನವರು ಸಾಸಿವೆ ಮಾಡಿದರು, ಬೆಂಗಳೂರಿನ ಹೋಟೆಲಿನವರು ಕೇಸರಿಬಾತಿಗೆ ಹಾಕಿದರು.

ಕೇಸರಿಬಾತು ಮಕ್ಕಳಿಗೆ. ಒಂದು ಲೋಟ ರವೆ ತುಪ್ಪದಲ್ಲಿ ಘಮ್ಮೆನ್ನುವಂತೆ ಹುರಿದು, ಸಣ್ಣಗೆ ಹೆಚ್ಚಿದ ಹಣ್ಣು ಬೆಂದ ಎರಡೂವರೆ ಲೋಟ ನೀರಿಗೆ ಸುರಿದು, ರವೆ ಅರಳಿದ ಮೇಲೆಯೇ ಒಂದು ಲೋಟ ಸಕ್ಕರೆ. ಮೊದಲೇ ಸಕ್ಕರೆ ಬಿದ್ದರೆ ರವೆ ಬೇಯದು. ಇಷ್ಟೇ.

ಮೊಸರು ಹಾಕುವ ಸಾಸಿವೆಗೆ ಮಾತ್ರ ತಾಳ್ಮೆ ಬೇಕು. ಹಸಿ ಅನಾನಸಿನಲ್ಲಿ ಬ್ರೊಮೆಲೈನ್ ಎಂಬ ಕಿಣ್ವ ಇದೆ. ಹೆಚ್ಚು ತಿಂದರೆ ನಾಲಿಗೆ ಚುರುಗುಟ್ಟುವುದು ಅದರಿಂದಲೂ ಹೌದು. ಹಾಲು ಮೊಸರಿನ ಪ್ರೋಟೀನನ್ನು ಅದು ಒಡೆಯುತ್ತದೆ, ಸ್ವಲ್ಪ ಹೊತ್ತಿಗೇ ಕಹಿ ತಿರುಗುತ್ತದೆ. ಚೆನ್ನಾಗಿ ಕುದಿಸಿದರೆ ಅದರ ಶಕ್ತಿ ಅಡಗುತ್ತದೆ. ಬೇಯಿಸಿ, ಪೂರ್ತಿ ಆರಿಸಿ, ಆಮೇಲೆ ತೆಂಗಿನಕಾಯಿ, ಹಸಿಮೆಣಸು, ಹಸಿ ಸಾಸಿವೆ ರುಬ್ಬಿದ್ದಕ್ಕೆ ಸೇರಿಸಿ ಮೊಸರು ಹಾಕಿದರೆ ಸಾಸಿವೆ ತಣ್ಣಗೆ, ರುಚಿಯಾಗಿ ಇರುತ್ತದೆ. ಬಿಸಿಯಲ್ಲೇ ಅವಸರ ಮಾಡಿದರೆ ಮೊಸರು ಒಡೆಯುತ್ತದೆ. ಆರುವ ತನಕ ಕಾಯುವ ಬುದ್ಧಿಯನ್ನು ನನಗೆ ಬೇರೆ ವಿಷಯಗಳಲ್ಲೂ ಕೊಡು.

ನಡುವಿನ ದಿಂಡನ್ನು ಎಸೆಯುವುದಿಲ್ಲ. ಜಜ್ಜಿ, ತೊಗರಿಬೇಳೆ ಕಟ್ಟಿನ ಜೊತೆ, ಕಾಳುಮೆಣಸು ಜೀರಿಗೆ ಕುಟ್ಟಿ ಹಾಕಿ ಸಾರು ಮಾಡುತ್ತೇನೆ. ನೆಗಡಿ ಹಿಡಿದ ದಿನ ಇದಕ್ಕಿಂತ ಬೇರೇನೂ ಬೇಡ.

ಒಂದು ಹಣ್ಣಿನಲ್ಲಿ ಇಷ್ಟೆಲ್ಲ ಇಟ್ಟೆಯಲ್ಲ! ನನ್ನಿಂದ ಅರ್ಧದಷ್ಟೂ ಉಣ್ಣಲಾಗದು. ಆದ್ದರಿಂದಲೇ ಬಾಗಿಲು ತಟ್ಟುವ ನೆಪ ಸಿಗುತ್ತದೆ. ಈ ಕಟ್ಟಡದಲ್ಲಿ ಎಷ್ಟೋ ಬಾಗಿಲುಗಳು ಪಾರ್ಸೆಲ್ ತಂದವರಿಗೆ ಮಾತ್ರ ತೆರೆಯುತ್ತವೆ. ಮೇಲಿನ ಕೋಣೆಯ ಹುಡುಗರಿಗೆ ರಾತ್ರಿ ಪಾಳಿ, ಹಗಲು ನಿದ್ದೆ. ಅವರ ಅಮ್ಮಂದಿರು ಫೋನಿನಲ್ಲಿ "ಏನು ಉಂಡೆ?" ಎಂದು ಕೇಳಿದಾಗ ಅವರಿಗೆ ಸುಳ್ಳು ಹೇಳುವ ಸಂದರ್ಭ ತರಬೇಡ. ಅವರ ಡಬ್ಬಿಗೂ ಕೇಸರಿಬಾತು ತುಂಬಿಟ್ಟಿದ್ದೇನೆ.

ಪಕ್ಕದ ಮನೆಯ ರಾಯಚೂರಿನ ಅಕ್ಕನಿಗೆ ಗೊಜ್ಜು ಕೊಟ್ಟೆ. "ರೊಟ್ಟಿಗೂ ನಡೀತೈತಿ ಇದು" ಅಂದಳು. ಬಟ್ಟಲು ಖಾಲಿ ಕೊಡಬಾರದೆಂದು ಶೇಂಗಾ ಚಟ್ನಿಪುಡಿ ಹಾಕಿ ಕಳಿಸಿದಳು. ಅವಳ ಮಗ ಬೊಮ್ಮಸಂದ್ರದ ಕಡೆಯ ಒಂದು ಕಾರ್ಖಾನೆಯಲ್ಲಿ ಗುತ್ತಿಗೆಯ ಮೇಲೆ ದುಡಿಯುತ್ತಿದ್ದಾನೆ. ಈ ಸಲ ಪಟ್ಟಿಯಲ್ಲಿ ಅವನ ಹೆಸರೂ ಬರಲಿ, ಕೆಲಸ ಖಾಯಂ ಆಗಲಿ ತಾಯಿ. ಅವಳು ತನಗಾಗಿ ನಿನ್ನನ್ನು ಏನೂ ಕೇಳುವವಳಲ್ಲ. ಅದಕ್ಕೇ ನಾನು ಕೇಳುತ್ತಿದ್ದೇನೆ.