ಮಾತು ಯಾರದು?

ಮಾತು ಬಾರದ ಮಗುವಿಗೆ ಯಂತ್ರವೊಂದು ನುಡಿ ಕೊಟ್ಟರೆ, ಆ ನುಡಿ ಮಗುವಿನದೋ ಯಂತ್ರದ್ದೋ ಎಂದು ಕೇಳುವವರುಂಟು. ಲೇಖನಿಯಿಂದ ಬರೆದ ಕಾಗದವನ್ನು ಯಾರೂ ಲೇಖನಿಯ ಕಾಗದವೆನ್ನುವುದಿಲ್ಲ. ಆಟಿಸಂ ಇರುವ ಮಗು ಫಲಕದ ಮೇಲಿನ ಚಿತ್ರವನ್ನು ಒತ್ತುತ್ತದೆ. ಯಂತ್ರ 'ನೀರು' ಎನ್ನುತ್ತದೆ. ಚೆನ್ನೈಯಲ್ಲಿ ಸಿದ್ಧವಾದ 'ಆವಾಜ್' ಮೊದಲಾದವು ಮಾಡುವುದು ಮುಖ್ಯವಾಗಿ ಇದನ್ನೇ. ಇದರಿಂದ ಬಾಯಿಮಾತಿಗೆ ಸೋಮಾರಿತನ ಬಂದೀತೆಂಬ ಭಯ ತಾಯ್ತಂದೆಗಳಿಗೆ ಸಹಜ. ಆದರೆ ಬೆಳವಣಿಗೆಯ ತೊಡಕುಳ್ಳವರನ್ನು ಕುರಿತ ಅಧ್ಯಯನಗಳನ್ನು ಅಮೆರಿಕದ ವಿದ್ವಾಂಸರು 2006ರಲ್ಲಿ ಜರಡಿ ಹಿಡಿದಾಗ, ನೆಚ್ಚಬಹುದಾದ 27 ನಿದರ್ಶನಗಳಲ್ಲಿ ಒಂದರಲ್ಲಿಯೂ ಮಾತು ಕುಗ್ಗಿರಲಿಲ್ಲ. ಹೆಚ್ಚಿನವರಲ್ಲಿ ತುಸು ಬೆಳೆದಿತ್ತು.

ಅಪಾಯವಿರುವುದು ಬೇರೆಡೆ, ಅದು ಪ್ರೀತಿಯ ವೇಷದಲ್ಲಿ ಬರುತ್ತದೆ. ಆಸ್ಟ್ರೇಲಿಯದಲ್ಲಿ 1970ರ ದಶಕದಲ್ಲಿ ಹುಟ್ಟಿ, 1990ರ ಸುಮಾರಿಗೆ ಅಮೆರಿಕದಲ್ಲಿ ಹಬ್ಬಿದ ಪದ್ಧತಿಯೊಂದರಲ್ಲಿ ಹಿರಿಯರು ಮಗುವಿನ ಕೈಹಿಡಿದು ಅಕ್ಷರಗಳನ್ನು ಒತ್ತಿಸುತ್ತಿದ್ದರು. ಮಾತೇ ಆಡದ ಮಕ್ಕಳು ತುಂಬು ವಾಕ್ಯಗಳನ್ನು ಬರೆದರು. ಪರೀಕ್ಷಿಸಿದವರು ಮಗುವಿಗೊಂದು ಚಿತ್ರ, ಕೈಹಿಡಿದವರಿಗೆ ಇನ್ನೊಂದು, ಪರಸ್ಪರ ಕಾಣದಂತೆ ತೋರಿಸಿದರು. ಬರಹದಲ್ಲಿ ಮೂಡಿದ್ದು ಕೈಹಿಡಿದವರು ಕಂಡ ಚಿತ್ರದ ಹೆಸರು! ಈ ಪದ್ಧತಿಗೆ ಶಾಸ್ತ್ರೀಯ ಆಧಾರವಿಲ್ಲವೆಂದು ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘ 1994ರಲ್ಲಿ ಸಾರಿತು. ಮೋಸದ ಬುದ್ಧಿ ಅವರಿಗಿತ್ತೆಂದಲ್ಲ. ತಮ್ಮ ಕೈಯೇ ನಡೆಸುತ್ತಿದೆಯೆಂಬುದು ಅವರಿಗೇ ತಿಳಿಯದು. ನಮಗೆ ಬೇಕಾದ ಮಾತನ್ನು ಮಗುವಿನ ಬಾಯಲ್ಲಿ ಕೇಳುವ ಆಸೆ ಅಷ್ಟು ಬಲವಾದದ್ದು.

ಕೈ ಬಿಟ್ಟರೂ ಈ ಆಸೆ ಬಿಡುವುದಿಲ್ಲ. ಫಲಕದಲ್ಲಿ ಯಾವ ಪದಗಳಿರಬೇಕೆಂದು ಗೊತ್ತುಮಾಡುವವರು ನಾವೇ ತಾನೆ? ಬಿಸ್ಕತ್ತು, ಹಾಲು, ನಮಸ್ಕಾರ - ಇವನ್ನು ಮರೆಯುವುದಿಲ್ಲ. 'ಸಾಕು', 'ಮುಟ್ಟಬೇಡ', 'ನೋಯುತ್ತೆ' ಎಂಬುವು ಸುಲಭವಾಗಿ ಮರೆತುಹೋಗುತ್ತವೆ. ಕನ್ನಡದ ಮೇಷ್ಟರಾಗಿ ಇಲ್ಲೊಂದು ಮಾತು ಸೇರಿಸಬೇಕು. ಇಂಗ್ಲಿಷಿನ ಫಲಕದಲ್ಲಿ 'ನೋ' ಎಂಬ ಒಂದೇ ಚೌಕ ಎಷ್ಟೋ ಕೆಲಸ ಮಾಡುತ್ತದೆ. ನಮಗೆ 'ಇಲ್ಲ', 'ಅಲ್ಲ', 'ಬೇಡ' ಮೂರೂ ಬೇಕು. ಆ ಫಲಕವನ್ನೇ ಕನ್ನಡಿಸಿ 'ಇಲ್ಲ' ಎಂದೊಂದನ್ನೇ ಇಟ್ಟರೆ, ಊಟ ಬೇಡದ ಮಗು ತಟ್ಟೆಯನ್ನು ತಳ್ಳದೆ ಇನ್ನೇನು ಮಾಡೀತು? ಹಠವೆಂದು ನಾವು ಗದರುವುದರಲ್ಲಿ ಆಡಲು ಸಿಕ್ಕದ 'ಬೇಡ' ಎಷ್ಟು ಪಾಲೋ!

ಚೌಕವನ್ನು ಇಟ್ಟರೆ ಸಾಲದು. 'ಬೇಡ' ಎಂದು ಒತ್ತಿದ ಮೇಲೂ ತುತ್ತು ತುರುಕಿದರೆ, ನಾಳೆ ಮಗು ಅದನ್ನೇಕೆ ಒತ್ತಬೇಕು? ತುಂಟತನಕ್ಕೆ ಶಿಕ್ಷೆಯೆಂದು ಫಲಕವನ್ನೇ ಕಸಿದು ಬೀರುವಿನಲ್ಲಿಟ್ಟರಂತೂ ನಾಲಗೆಯನ್ನು ಕಟ್ಟಿದಂತೆ. ಕಹಿ ಔಷಧಿಯನ್ನು ಬೇಡವೆಂದರೂ ಕುಡಿಸಲೇಬೇಕಾಗುತ್ತದೆ, ಒಪ್ಪುವೆ. ಆಗಲೂ "ಬೇಡ ಅಂದೆಯಲ್ಲ, ಕೇಳಿಸಿತು ಮಗು, ಜ್ವರ ಬಿಡಬೇಕಲ್ಲ, ಅದಕ್ಕೇ ಕೊಡ್ತಿದೀನಿ" ಎಂದು ಹೇಳಿ ಕುಡಿಸಬಹುದು.